ಎರಡನೆಯ ಗ್ಯಾಸ್ಕೆಟ್

ಮೊದಲು ಕಂಡದ್ದು ಹೊಗೆ ಎಂದು ನಾನು ಹೇಳುತ್ತ ಬಂದಿದ್ದೇನೆ. ಆದರೆ ಹೊಗೆ ಕಂಡದ್ದು ಅತ್ತೆಗೆ. ನಾನು ಆ ಹೊತ್ತು ಕಾರಿನಲ್ಲಿ ಇರಲೇ ಇಲ್ಲ. ರುದ್ರಪಟ್ಟಣಕ್ಕೆ ಹೋಗುವ ದಾರಿಯಲ್ಲಿ, ಹಳೇಕೋಟೆಯ ಹತ್ತಿರ ಬಾನೆಟ್ಟಿನ ಸಂದಿಯಿಂದ ಬಿಳಿ ಆವಿ ಎದ್ದದ್ದು, ಅತ್ತೆ ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತಂದು ಎಂಜಿನ್ ಆರಿಸಿದ್ದು, ಕೈಗೆ ಸೆರಗು ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳ ಮುಟ್ಟಿ ಥಟ್ಟನೆ ಹಿಂದೆಗೆದುಕೊಂಡದ್ದು, ಇವೆಲ್ಲ ಎದುರಿಗೆ ನಿಂತು ನೋಡಿದ ಹಾಗೆ ನೆನಪಿವೆ. ನೋಡದೇ ಇದ್ದದ್ದು ಇಷ್ಟು ಚೆನ್ನಾಗಿ ನೆನಪಿದ್ದರೆ, ನೋಡಿದ್ದನ್ನು ಎಷ್ಟರ ಮಟ್ಟಿಗೆ ನಂಬುವುದು?

ನಾನು ಕಣ್ಣಾರೆ ಕಂಡದ್ದು ಅದರ ಮುಂದಿನದು. ತೊಂಬತ್ತರ ದಶಕದ ಒಂದು ದಸರಾ ರಜೆ. ಹಾಸನದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವನು ಹೊಳೆನರಸೀಪುರದ ಮನೆಗೆ ಬಂದಿದ್ದೆ. ಸಂಜೆ ನಮ್ಮ ಬೀದಿಗೆ ಒಂದು ಟ್ರಾಕ್ಟರ್ ನುಗ್ಗಿತು. ಅದರ ಹಿಂದೆ ಹಗ್ಗದ ತುದಿಯಲ್ಲಿ ನಮ್ಮ ಹಳೇ ಕಾರು, ಸ್ಟೀರಿಂಗ್ ಹಿಡಿದು ನೆಟ್ಟಗೆ ಕೂತ ಅತ್ತೆ. ಹಬ್ಬಕ್ಕೆ ಹಚ್ಚಿದ ಕುಂಕುಮ ಬಾನೆಟ್ಟಿನ ಮೇಲೆ ಇನ್ನೂ ಇತ್ತು.

ಜಗಲಿಯಿಂದ ಇಳಿದು ಬಂದ ಅಪ್ಪನಿಗೆ ಟ್ರಾಕ್ಟರಿನವನು ಹೇಳಿದ: "ತ್ವಾಟದಿಂದ ಬತ್ತಾ ಇದ್ದೆ ಸಾ, ದಾರೀಲಿ ಸಿಕ್ತು. ಎಮ್ಮೆ ಆಗಿದ್ರೆ ಒಡ್ಕಂಡ್ ಬತ್ತಿದ್ದೆ, ಇದಾಗಿದ್ಕೆ ಎಳ್ಕಂಡ್ ಬಂದೆ."

"ನೀರೆಲ್ಲ ಕುಡಿದುಬಿಟ್ಟಿದೆ" ಎಂದರು ಅತ್ತೆ.

"ಎಮ್ಮೇನೂ ಕುಡೀತದೆ ಕಣವ್ವ. ಆದ್ರೆ ಹೊಗೆ ಬುಡಾಕಿಲ್ಲ" ಎಂದು ಅವನು ಹಗ್ಗ ಬಿಚ್ಚಿಕೊಂಡು ಹೋದ.

ಅತ್ತೆ ಎಂದರೆ ಅಪ್ಪನ ತಂಗಿ. ಮದುವೆಯಾಗಿರಲಿಲ್ಲ, ನಮ್ಮ ಜೊತೆಯಲ್ಲೇ ಇದ್ದರು. ಅರಕಲಗೂಡಿನ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಕಾರು ಇದ್ದದ್ದು ಅಪ್ಪನ ಹೆಸರಿನಲ್ಲಿ. ಕೋರ್ಟಿನ ಕೆಲಸದಿಂದ ನಿವೃತ್ತರಾಗುವಾಗ ಯಾರಿಂದಲೋ ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. ಕಲಿಯಲು ಹೋಗಿ ಕಾಂಪೌಂಡಿಗೆ ಗುದ್ದಿಸಿ, ಮತ್ತೆ ಆ ಸೀಟಿನಲ್ಲಿ ಕೂರಲಿಲ್ಲ. ನಲವತ್ತು ದಾಟಿದ್ದ ಅತ್ತೆ ಕಲಿತರು. ಕಲಿತ ಮೇಲೆ ಇನ್ನೊಂದನ್ನೂ ಶುರು ಮಾಡಿದರು. ವಾರಕ್ಕೆ ಎರಡು ಸಂಜೆ ಸ್ಕೂಲು ಬಿಟ್ಟ ಮೇಲೆ ರುದ್ರಪಟ್ಟಣಕ್ಕೆ ಹೋಗಿ, ಒಬ್ಬ ಹಿರಿಯ ವಿದ್ವಾಂಸರ ಮನೆಯಲ್ಲಿ ಚಿಕ್ಕ ಮಕ್ಕಳ ಜೊತೆ ಕೂತು ಸರಳೆ ಜಂಟಿ ವರಸೆಗಳಿಂದ ಸಂಗೀತ ಕಲಿಯುವುದು. ಪಾಠ ಮುಗಿಯುವ ಹೊತ್ತಿಗೆ ನಮ್ಮೂರಿನ ಕಡೆಗೆ ಬಸ್ಸಿರುತ್ತಿರಲಿಲ್ಲ. ಕಾರು ಹೋದರೆ ಪಾಠವೂ ಹೋಯಿತು. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ.

"ಕೊಟ್ಟುಬಿಡೋಣ" ಎಂದರು ಅಪ್ಪ. "ಚನ್ನರಾಯಪಟ್ಟಣದ ಕಾಯಿ ಮಂಡಿಯವನು ಹೋದ ವರ್ಷದಿಂದ ಕೇಳ್ತಾನೇ ಇದಾನೆ."

"ಕೆಟ್ಟು ನಿಂತಿರೋದನ್ನಾ?"

"ಕೆಟ್ಟಿದ್ರೂ ಸರಿಯಂತೆ. ಬಿಚ್ಚಿ ಪಾರ್ಟು ಹಾಕ್ಕೊಳ್ತಾನಂತೆ. ಅವನ ಹತ್ರ ಇಂಥದ್ದೇ ಇನ್ನೊಂದಿದೆ."

"ಹಾಗಾದ್ರೆ ಅವನಿಗೆ ಒಂದು ಇದೆಯಲ್ಲ" ಎಂದರು ಅತ್ತೆ.

ಅಪ್ಪ ಕೆಟ್ಟವರಲ್ಲ. ಪಾಠದ ಸಂಜೆಗಳಲ್ಲಿ ಹೆಡ್‌ಲೈಟ್ ಬೀದಿಗೆ ತಿರುಗುವ ತನಕ ಜಗಲಿ ಬಿಟ್ಟು ಏಳುತ್ತಿರಲಿಲ್ಲ. ಆ ಕಾಯುವಿಕೆ ಮುಗಿಯಲಿ ಎಂಬುದೇ ಅವರಿಗೆ ಬೇಕಾಗಿತ್ತೋ ಏನೋ. ಊರಿನ ಗ್ಯಾರೇಜಿನವನು ಬಂದು ನೋಡಿ, ಹೆಡ್ ಗ್ಯಾಸ್ಕೆಟ್ ಹೋಗಿದೆ, ಕೈತುಂಬ ಕೆಲಸವಿದೆ, ದೀಪಾವಳಿ ಕಳೆದ ಮೇಲೆ ನೋಡೋಣ ಎಂದ. ಅಪ್ಪ ಅಷ್ಟರಲ್ಲಿ ಮಂಡಿಯವನಿಗೆ ಫೋನು ಮಾಡಿಸಿದ್ದರು. ಭಾನುವಾರ ಬರುತ್ತೇನೆಂದು ಅವನು ಹೇಳಿದ್ದ.

"ಭಾನುವಾರ ಅವನು ಬಂದಾಗ ಕಾರು ತಾನಾಗಿ ಎದ್ದು ಹೋದ್ರೆ ಇರಲಿ. ಇಲ್ದಿದ್ರೆ ಅವನು ಎಳಕೊಂಡು ಹೋಗಲಿ" ಎಂದರು ಅಪ್ಪ. ಈ ಮಾತನ್ನು ನಾನು ಕೇಳಿದ್ದೇನೆ. ಇದರಲ್ಲಿ ಅನುಮಾನವಿಲ್ಲ.

ಕೆಲಸಕ್ಕೆ ಇಳಿದವರು ಚಿಕ್ಕಪ್ಪ. ಅಪ್ಪನಿಗೂ ಅತ್ತೆಗೂ ತಮ್ಮ, ದೇವಸ್ಥಾನದಲ್ಲಿ ಅರ್ಚಕರು, ಪಕ್ಕದ ಮನೆಯಲ್ಲೇ ವಾಸ. ಕೈಗೆ ಸಿಕ್ಕಿದ ಯಂತ್ರವನ್ನು ಬಿಚ್ಚಿ ನೋಡುವ ಚಪಲ ಅವರಿಗೆ. ಮಂಗಳಾರತಿಯ ಹೊತ್ತಿಗೆ ನಗಾರಿ ಜಾಗಟೆಗಳನ್ನು ತಾನೇ ಬಡಿಯುವ ಕರೆಂಟಿನ ಯಂತ್ರವೊಂದು ದೇವಸ್ಥಾನಕ್ಕೆ ಬಂದಿತ್ತು. ಅದು ಕೆಟ್ಟಾಗಲೆಲ್ಲ ರಿಪೇರಿ ಅವರದೇ. ಅವರು ಮುಟ್ಟಿದ ಮೇಲೆ ಅದು ನಗಾರಿಗಿಂತ ಒಂದು ಏಟು ಮುಂಚೆ ಜಾಗಟೆ ಬಡಿಯುತ್ತಿತ್ತು, ಭಕ್ತರು ಅದಕ್ಕೂ ಹೊಂದಿಕೊಂಡಿದ್ದರು.

ಚಿಕ್ಕಪ್ಪ ಆಯಿಲ್ ಹಾಕುವ ಮುಚ್ಚಳ ತೆಗೆದು, ಒಳಗಡೆ ಅಂಟಿದ್ದ ಕಂದು ನೊರೆಯನ್ನು ಬೆರಳಿನಲ್ಲಿ ಬಳಿದು ತೋರಿಸಿದರು. "ಕಾಫಿ. ಸ್ವಲ್ಪ ಹಾಲು ಜಾಸ್ತಿ." ನೀರು ಹೋಗಿ ಎಣ್ಣೆಗೆ ಸೇರಿತ್ತು. ಎಂಜಿನ್ನಿನ ಕೆಳಗಿನ ಅರ್ಧ ಬ್ಲಾಕು, ಮೇಲಿನ ಭಾರವಾದ ಮುಚ್ಚಳ ಹೆಡ್ಡು. ಎರಡರ ನಡುವೆ ರೊಟ್ಟಿಗಿಂತ ತೆಳ್ಳಗಿನ, ತೂತು ತೂತಿನ ಒಂದು ಹಾಳೆ. ಬೆಂಕಿ, ನೀರು, ಎಣ್ಣೆ ಒಂದಕ್ಕೊಂದು ಸೇರದಂತೆ ತಡೆಯುವುದು ಆ ಹಾಳೆ. ಅದೇ ಗ್ಯಾಸ್ಕೆಟ್.

ಬಿಚ್ಚುವುದು ಹಿತ್ತಲಿನಲ್ಲಿ, ನುಗ್ಗೆ ಮರದ ಕೆಳಗೆ ನಡೆಯಿತು. ಕಾರನ್ನು ಅಲ್ಲಿಗೆ ತಳ್ಳಿದೆವು. ಉಳಿದ ನೀರು ಬಸಿದೆವು. ಹೋಸ್ ಪೈಪು, ಕಾರ್ಬುರೇಟರ್, ಸೈಲೆನ್ಸರಿನ ಕಡೆಯ ಕೊಳವೆ, ಮೇಲಿನ ತಗಡಿನ ಕವರು, ಒಂದೊಂದೇ ಕಳಚಿ ಗೋಣಿಚೀಲದ ಮೇಲೆ ಇಟ್ಟೆವು. ವಾಲ್ವುಗಳನ್ನು ಎತ್ತುವ ಉದ್ದನೆಯ ಕಡ್ಡಿಗಳು ಬಂದ ಕ್ರಮದಲ್ಲೇ ಮತ್ತೆ ಒಳಗೆ ಹೋಗಬೇಕು. ಹಬ್ಬಕ್ಕೆ ಕಟ್ಟಿದ್ದ ಬಾಳೆಕಂದು ಬಾಗಿಲಲ್ಲಿ ಬಾಡುತ್ತಿತ್ತು. ಅತ್ತೆ ಅದರ ದಿಂಡನ್ನು ಒಂದು ಮೊಳದಷ್ಟು ಕೊಯ್ದು ತಂದು ನೆಲದ ಮೇಲೆ ಮಲಗಿಸಿ, ಕಡ್ಡಿಗಳನ್ನು ಅದಕ್ಕೆ ಸಾಲಾಗಿ ಚುಚ್ಚಿದರು. ಊದುಬತ್ತಿ ಹಚ್ಚಲು ಇಟ್ಟ ಹಾಗೆ ಕಾಣುತ್ತಿತ್ತು.

ನಾನೂ ಚಿಕ್ಕಪ್ಪನೂ ಎರಡೂ ಕಡೆ ಹಿಡಿದು ಹೆಡ್ ಎತ್ತಿದೆವು. ಕೆಳಗೆ ಗ್ಯಾಸ್ಕೆಟ್ಟಿನ ನಡುವೆ, ಎರಡು ಸಿಲಿಂಡರುಗಳ ಮಧ್ಯದ ಸಣ್ಣ ಸೇತುವೆಯಂಥ ಜಾಗ ಸುಟ್ಟು ಕರಕಲಾಗಿತ್ತು. ಅತ್ತೆ ಬಗ್ಗಿ ನೋಡಿದರು. "ಇಷ್ಟೇನಾ?" ಎಂದರು.

ಕಾವಿಗೆ ಹೆಡ್ಡಿನ ತಳ ಸೊಟ್ಟಗಾಗಿರುತ್ತದೆ, ಲೇತ್ ಅಂಗಡಿಯಲ್ಲಿ ಉಜ್ಜಿಸಿ ಮಟ್ಟ ಮಾಡಿಸಬೇಕು. ಅದಕ್ಕೆ ಹಾಸನಕ್ಕೇ ಹೋಗಬೇಕು. ಹೆಡ್ಡನ್ನು ಗೋಣಿಚೀಲಕ್ಕೆ ಹಾಕಿ ಹೆಗಲ ಮೇಲಿಟ್ಟುಕೊಂಡು ಹೊರಟೆ. ಬಾಗಿಲು ದಾಟುವಾಗ ಹಿಂದಿನಿಂದ ಮಾತು ಬಂತು: "ಗ್ಯಾಸ್ಕೆಟ್ ಎರಡು ತಗೊಂಡು ಬಾ."

ಅದು ಅತ್ತೆಯ ದನಿ. ಹಾಗಂತ ನನಗೆ ನೆನಪು.

ಬಸ್ಸಿನಲ್ಲಿ ಕಂಡಕ್ಟರ್ ಚೀಲವನ್ನು ಕಾಲಿನಿಂದ ಸರಿಸಲು ನೋಡಿದ. ಅದು ಅಲ್ಲಾಡಲಿಲ್ಲ. "ಏನ್ ಸಾ ಇದು, ಒಳಕಲ್ಲಾ?"

"ಕಾರಿಂದು ಹೆಡ್ಡು."

"ತಲೆ ಇಲ್ಲಿ ಅದೆ, ಮುಂಡ ಎಲ್ಲಿ ಅದೆ?"

"ಮನೇಲಿದೆ."

"ಅಂಗಾರೆ ಅರ್ಧ ಲಗೇಜು. ಬುಡಿ, ಸೀಟ್ ಕೆಳಿಕ್ ತಳ್ಳಿ" ಎಂದು ಮುಂದೆ ಹೋದ.

ಹೆಡ್ಡನ್ನು ಲೇತ್ ಅಂಗಡಿಗೆ ಕೊಟ್ಟು ಬಂದು ನಾನು ಗ್ಯಾಸ್ಕೆಟ್ ಎರಡು ಕೇಳಿದಾಗ ಬಿಡಿಭಾಗದ ಅಂಗಡಿಯವನು ಮುಖ ನೋಡಿದ. "ಎಷ್ಟ್ ಗಾಡಿ ಸಾ?" ಒಂದೇ ಎಂದೆ. "ಮತ್ತೆ ಎರಡ್ಯಾಕೆ?" ಮನೆಯಲ್ಲಿ ಹೇಳಿದ್ದಾರೆ ಎಂದೆ. "ಮನೇಲಿ ಏಳವ್ರೆ ಅಂದ್ರೆ ಮುಗೀತು" ಎಂದು ಎರಡನ್ನೂ ಕಟ್ಟಿಕೊಟ್ಟ.

ಇಲ್ಲಿ ನಿಲ್ಲಬೇಕು. ನಾನು ಎರಡನ್ನೂ ಅವತ್ತೇ ತಂದೆನೆ, ಇಲ್ಲ ಎರಡನೆಯದಕ್ಕೆ ಮತ್ತೊಮ್ಮೆ ಹೋಗಿದ್ದೆನೆ? ನೆನಪಿನಲ್ಲಿ ಒಂದೇ ಪ್ರಯಾಣವಿದೆ. ಎರಡು ಪ್ರಯಾಣಗಳು ಸೇರಿ ಒಂದಾಗಿರಬಹುದು. ಆದರೆ ಮರುದಿನ ಬೆಳಗ್ಗೆ ಒಂದು ಗ್ಯಾಸ್ಕೆಟ್ ಗೋಣಿಯ ಮೇಲೆ, ಇನ್ನೊಂದು ದೇವರ ಮನೆಯ ಮೊಳೆಗೆ ನೇತುಹಾಕಿದ್ದು ನನ್ನ ಕಣ್ಣಿಗೆ ಕಟ್ಟಿದೆ. ಅಂಥ ವಸ್ತುವನ್ನು ದೇವರ ಮನೆಯಲ್ಲಿ ಯಾರೂ ಕಲ್ಪಿಸಿಕೊಳ್ಳಲಾರರು. ಆದ್ದರಿಂದ ನಿಜವಿರಬೇಕು.

ಶನಿವಾರ ಚಿಕ್ಕಪ್ಪ ಬೆಳಗಿನ ಪೂಜೆ ಮುಗಿಸಿ ಬಂದು, ಪಂಚೆ ಎತ್ತಿ ಕಟ್ಟಿ, ಬ್ಲಾಕಿನ ಮೈಯನ್ನು ಬಟ್ಟೆಯಲ್ಲಿ ಒರೆಸಿದರು. ಹೊಸ ಗ್ಯಾಸ್ಕೆಟ್ ಹಾಸಿ, ಹೆಡ್ ಕೂರಿಸಿ, ನಟ್ಟುಗಳನ್ನು ಕೈಯಲ್ಲಿ ತಿರುಗಿಸಿ ಕೂರಿಸಿದರು. ಆಮೇಲೆ ಸ್ಪ್ಯಾನರ್ ಹಿಡಿದು ಈಶಾನ್ಯದ ಮೂಲೆಗೆ ಹೋದರು.

ಅವರ ಮನಸ್ಸು ಅದನ್ನು ಈಶಾನ್ಯ ಎಂದು ಲೆಕ್ಕ ಹಾಕಿತ್ತೋ, ಕಾಲುಗಳು ಅಭ್ಯಾಸದಿಂದ ಅಲ್ಲಿಗೆ ಹೋದವೋ. ಆ ಮೂಲೆಯ ನಟ್ಟಿಗೆ ಸ್ಪ್ಯಾನರ್ ಕೊಟ್ಟು, ಹಿಡಿಗೆ ಪೈಪು ಸಿಕ್ಕಿಸಿ, ಇನ್ನು ತಿರುಗದು ಎನ್ನುವ ತನಕ ಬಿಗಿದರು. ಆಮೇಲೆ ಅದರ ಪಕ್ಕದ್ದು, ಅದರ ಪಕ್ಕದ್ದು. ಬಲಗಡೆಗೆ ಸುತ್ತುತ್ತ, ಎಂಜಿನ್ನನ್ನು ಬಲಕ್ಕಿಟ್ಟುಕೊಂಡು, ಬಂಪರ್ ದಾಟಿ ಆಚೆ ಬದಿಗೆ ಹೋಗಿ, ಮೊದಲಿನ ನಟ್ಟಿಗೆ ವಾಪಸು ಬಂದರು. ಪ್ರದಕ್ಷಿಣೆ ಪೂರ್ತಿಯಾಯಿತು.

"ಮಧ್ಯದಿಂದ ಶುರು ಮಾಡಬೇಕಲ್ವೇನೋ?" ಎಂದು ಅತ್ತೆ ಕೇಳಿದರು.

"ಮಧ್ಯ ಬ್ರಹ್ಮಸ್ಥಾನ ಅಕ್ಕ. ಅಲ್ಲಿ ಮೊದಲು ಭಾರ ಹಾಕಬಾರದು."

ನಮ್ಮ ಮನೆಯಲ್ಲಿ ಎಲ್ಲರೂ ಹೇಳಿ ನಗುವ ಮಾತು ಇದು. ಅವತ್ತು ಹಿತ್ತಲಿನಲ್ಲಿ ಚಿಕ್ಕಪ್ಪ ಇದನ್ನು ಆಡಿದರೋ, ಮುಂದೆ ಯಾವುದೋ ಮದುವೆಯ ಪಂಕ್ತಿಯಲ್ಲಿ ತಮ್ಮನ್ನೇ ಹಾಸ್ಯ ಮಾಡಿಕೊಳ್ಳುತ್ತ ಸೇರಿಸಿದರೋ ಹೇಳಲಾರೆ. ಎರಡನೆಯದೇ ಹೆಚ್ಚು ಸರಿ ಎನಿಸುತ್ತದೆ. ಮಾತು ತುಂಬ ಚೆನ್ನಾಗಿದೆ. ಎಂಜಿನ್ ಬಿಗಿಯುತ್ತಿರುವ ಮನುಷ್ಯ ಅಷ್ಟು ಚೆನ್ನಾಗಿ ಮಾತಾಡುವುದಿಲ್ಲ. ಸುತ್ತು ಬಂದದ್ದು ಮಾತ್ರ ಖಂಡಿತ. ಒಂದು ಮೂಲೆಯಿಂದ ಪೂರ್ತಿ ಬಿಗಿಯುತ್ತ ಹೋದರೆ ಹೆಡ್ ಒಂದು ಕಡೆ ಕೂತು ನಡುವೆ ಸಂದು ಬಿಡುತ್ತದೆ.

ಕಾರು ಸ್ಟಾರ್ಟ್ ಆಯಿತು. ಚಿಕ್ಕಪ್ಪ ಕಣ್ಣು ಮುಚ್ಚಿ ಕೈಮುಗಿದರು. ಅತ್ತೆ ಹೊಳೆಯ ಸೇತುವೆಯ ತನಕ ಓಡಿಸಿದರು, ನಾನು ಪಕ್ಕದಲ್ಲಿ ಕೂತಿದ್ದೆ. ಹೋಗುವಾಗ ಸಣ್ಣಗೆ ಸ್ವರ ಹೇಳಿಕೊಳ್ಳುತ್ತಿದ್ದರು. ಸೇತುವೆಯ ಹತ್ತಿರ ಕಾವಿನ ಮುಳ್ಳು ಮೇಲೇರಿತು. ಸ್ವರ ನಿಂತಿತು. ವಾಪಸು ತಳ್ಳಿಕೊಂಡು ಬಂದೆವು. ಅಪ್ಪ ಜಗಲಿಯಿಂದ ನೋಡಿದರು. ಚಿಕ್ಕಪ್ಪ ರೇಡಿಯೇಟರಿನ ಬಾಯಲ್ಲಿ ಬುಳುಬುಳು ಎನ್ನುತ್ತಿದ್ದ ಗುಳ್ಳೆಗಳನ್ನು ನೋಡಿ, ಬೆಂಕಿಯ ಗಾಳಿ ಇನ್ನೂ ನೀರಿಗೆ ನುಗ್ಗುತ್ತಿದೆ, ಸಂಜೆಯ ಪೂಜೆಗೆ ಹೊತ್ತಾಯಿತು ಎಂದು ಹೊರಟುಹೋದರು.

ಭಾನುವಾರ ಬೆಳಕಾಗುವ ಹೊತ್ತಿಗೆ ಅತ್ತೆ ಮತ್ತೆ ಎಲ್ಲವನ್ನೂ ಬಿಚ್ಚಲು ಕೂತಿದ್ದರು. ಹಳೆಯ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಕೈಗೆ ಹರಳೆಣ್ಣೆ ಬಳಿದುಕೊಂಡಿದ್ದರು, ಗ್ರೀಸು ಆಮೇಲೆ ಸುಲಭವಾಗಿ ಹೋಗುತ್ತದೆ ಎಂದು. ಚಿಕ್ಕಪ್ಪ ದೇವಸ್ಥಾನದಲ್ಲಿದ್ದರು. ಹೆಡ್ ಎತ್ತಲು ನಾನು ಒಂದು ಕಡೆ ಹಿಡಿದೆ. ಮೊದಲ ಗ್ಯಾಸ್ಕೆಟ್ಟಿನ ಒಂದು ತುದಿ ಅಪ್ಪಚ್ಚಿಯಾಗಿತ್ತು, ನಡುವೆ ಅದು ಹೊಸದರ ಹಾಗೇ ಇತ್ತು. ಅತ್ತೆ ದೇವರ ಮನೆಗೆ ಹೋಗಿ ಎರಡನೆಯದನ್ನು ತಂದರು.

ಹೆಡ್ ಕೂರಿಸಿದ ಮೇಲೆ ಸ್ಕೂಲಿನ ಚೀಲದಿಂದ ಸೀಮೆಸುಣ್ಣ ತೆಗೆದು ನಟ್ಟುಗಳ ಪಕ್ಕದಲ್ಲಿ ಅಂಕಿ ಬರೆದರು. ನಡುವೆ ಒಂದು. ಅದಕ್ಕೆ ಎದುರು ಸಾಲಿನಲ್ಲಿ ಎರಡು. ಹೀಗೆ ಆಚೆ ಈಚೆ ಹಾರುತ್ತ, ನಡುವಿನಿಂದ ಅಂಚಿಗೆ. ಮೊದಲ ಸುತ್ತು ಮೆಲ್ಲಗೆ, ಅದೇ ಕ್ರಮದಲ್ಲಿ ಇನ್ನೊಂದು ಸುತ್ತು ಸ್ವಲ್ಪ ಗಟ್ಟಿಯಾಗಿ, ಕೊನೆಯದು ಪೈಪು ಹಾಕಿ.

ಎರಡನೆಯ ಸುತ್ತಿನಲ್ಲಿದ್ದಾಗ ಮಂಡಿಯವನು ಬಂದ. ಬಸ್ಸಿನಲ್ಲಿ ಬಂದಿದ್ದ, ಬಿಳಿ ಪಂಚೆ, ಹೆಗಲ ಮೇಲೆ ಟವಲು. ನೋಡಿ ಹೋಗಿ ಆಮೇಲೆ ಜೀಪು ಕಳಿಸುವುದು ಅವನ ಯೋಚನೆ. ಅಪ್ಪ ಅವನನ್ನು ಹಿತ್ತಲಿಗೆ ಕರೆತಂದರು.

"ಏನ್ ಟೀಚರಮ್ಮ, ನಾನ್ ಬಿಚ್ಕಂಡ್ ಓಗವಾ ಅಂತ ಬಂದ್ರೆ ನೀವು ಬಿಗೀತಾ ಕೂತಿದೀರಲ್ಲ. ನಾಳೆ ನಮ್ಮ್ ಉಡುಗ್ರ ತೋಳ್ ಬಿದ್ದೋಯ್ತದೆ."

"ನಿಮ್ಮ ಹುಡುಗರಿಗೆ ತೊಂದರೆ ಕೊಡಲ್ಲ" ಎಂದರು ಅತ್ತೆ ತಲೆ ಎತ್ತದೆ.

"ಅದೇನ್ರವ್ವ, ಅಡ್ಡಾದಿಡ್ಡಿ ಆರ್ತಾ ಇದೀರಿ? ಸಾಲ್ಗೆ ಬಿಗಿಯಾಕಿಲ್ವಾ?"

"ನೀವು ಕಾಯಿ ಚೀಲಾನ ಒಂದು ಮೂಲೆಯಿಂದ ಹೊಲೀತೀರಾ, ಮಧ್ಯಕ್ಕೆ ಒಂದು ಹೊಲಿಗೆ ಹಾಕ್ಕೊಂಡು ಹೊಲೀತೀರಾ?"

ಅವನು ಯೋಚಿಸಿದ. "ಮೂಲೆಯಿಂದ್ಲೇ" ಎಂದ. ಅತ್ತೆಗೆ ನಗು ಬಂತು. ಆ ವಾರ ಅವರು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಎಲ್ಲ ಜೋಡಿಸಿ ಮುಗಿಯುವ ತನಕ ಅವನು ಎರಡು ಸಲ ಕಾಫಿ ಕುಡಿದ. ಬಾಳೆದಿಂಡಿನಿಂದ ಕಡ್ಡಿಗಳನ್ನು ಕಿತ್ತು ಒರೆಸಿ ಕೊಡುವುದು ನನ್ನ ಕೆಲಸ. ಕೊನೆಗೆ ಅತ್ತೆ ಒಳಗೆ ಕೂತು ಕೀಲಿ ತಿರುಗಿಸಿದರು. ಎಂಜಿನ್ ಕೆಮ್ಮಿತು, ನಿಂತಿತು. ಮತ್ತೆ ಕೆಮ್ಮಿತು, ಬಿಳಿ ಹೊಗೆ ಉಗುಳಿತು, ಹಿಡಿದುಕೊಂಡಿತು. ರೇಡಿಯೇಟರಿನ ಮುಚ್ಚಳ ತೆಗೆದೇ ಇಟ್ಟಿದ್ದೆವು. ಅಪ್ಪ, ಮಂಡಿಯವನು, ಅಷ್ಟರಲ್ಲಿ ಪ್ರಸಾದದ ತಟ್ಟೆಯೊಂದಿಗೆ ಬಂದಿದ್ದ ಚಿಕ್ಕಪ್ಪ, ನಾನು, ಎಲ್ಲರೂ ಆ ಸಣ್ಣ ಬಾಯಿಯೊಳಗೆ ಬಗ್ಗಿ ನೋಡುತ್ತ ನಿಂತೆವು. ನೀರು ನಡುಗುತ್ತಿತ್ತು. ಗುಳ್ಳೆ ಬರಲಿಲ್ಲ.

ನಾವು ಯಾರೂ ಯೋಚಿಸದೇ ಇದ್ದ ಒಂದು ಸಂಗತಿಯಿತ್ತು. ಅದನ್ನು ಮಂಡಿಯವನೇ ಬಾಯಿಗೆ ತಂದ.

"ಓಡ್ತದೆ ಅಂದ್ರೆ ನಂಗೆ ಇನ್ನೂ ಬೇಕಾಯ್ತು ಸಾ. ಬಿಚ್ಚಾದೇ ಬ್ಯಾಡ, ಅಂಗೇ ಇಟ್ಕತ್ತೀನಿ. ರೇಟು ನೀವೇ ಏಳಿ."

ಅತ್ತೆಯ ಕೈ ಸ್ಟೀರಿಂಗ್ ಮೇಲೇ ಇತ್ತು. ಕಾರು ಅಪ್ಪನದು. ಅಪ್ಪ ಮಂಡಿಯವನನ್ನು ನೋಡಿದರು, ಮತ್ತೆ ರೇಡಿಯೇಟರನ್ನು ನೋಡಿದರು. ಎಷ್ಟು ಹೊತ್ತು ಎಂದು ಹೇಳಲಾರೆ. ನೆನಪು ಇಂಥ ಕಡೆ ಎಳೆದು ಎಳೆದು ಉದ್ದ ಮಾಡುತ್ತದೆ.

"ಎದ್ದು ಹೋದ್ರೆ ಇರಲಿ ಅಂದಿದ್ದೆ, ಇವಳಿಗೆ" ಎಂದರು ಅಪ್ಪ.

"ಎದ್ದದೆ ಸರಿ. ಇನ್ನೂ ಓಗಿಲ್ವಲ್ಲ ಸಾ" ಎಂದ ಮಂಡಿಯವನು.

ಅತ್ತೆ ಕೆಳಗಿಳಿದು ರೇಡಿಯೇಟರಿನ ಮುಚ್ಚಳ ಹಾಕಿದರು, ಬಾನೆಟ್ ಇಳಿಸಿದರು. ಎಂಜಿನ್ ಆರಿಸಿರಲಿಲ್ಲ. ಎಡಗಡೆಯ ಬಾಗಿಲು ತೆಗೆದು ಹಿಡಿದುಕೊಂಡು ಮಂಡಿಯವನಿಗೆ ಹೇಳಿದರು: "ಬನ್ನಿ, ಹತ್ತಿ. ಬಸ್ ಸ್ಟ್ಯಾಂಡಿಗೆ ಬಿಡ್ತೀನಿ."

ಅವನು ಅಪ್ಪನ ಕಡೆ ತಿರುಗಿದ. ಅಪ್ಪ ಕೈ ಮುಂದೆ ಮಾಡಿ ದಾರಿ ತೋರಿಸಿದರು. ಅವನು ಟವಲು ಸರಿಮಾಡಿಕೊಂಡು ಹತ್ತಿದ. "ಮಧ್ಯದಲ್ ನಿಂತ್ರೆ ಅಲ್ಲೇ ವ್ಯಾಪಾರ ಕಣವ್ವ" ಎಂದದ್ದು ಕೇಳಿಸಿತು. ಗಾಡಿ ಬೀದಿಗೆ ಇಳಿಯಿತು.

ಬಸ್ ಸ್ಟ್ಯಾಂಡಿಗೆ ಹೋಗಿ ಬರಲು ಎಷ್ಟು ಹೊತ್ತು ಬೇಕು? ಊಟದ ಹೊತ್ತಾಯಿತು, ಅತ್ತೆ ಬರಲಿಲ್ಲ. ಚಿಕ್ಕಪ್ಪ ಸೈಕಲ್ಲಿನಲ್ಲಿ ಹೋಗಿ ನೋಡಿ ಬಂದು, ಅಲ್ಲಿ ಕಾರೂ ಇಲ್ಲ, ಮಂಡಿಯವನೂ ಇಲ್ಲ ಎಂದರು. ಅಪ್ಪ ಜಗಲಿಯಲ್ಲಿ ಕೂತರು. ಬೀದಿಯಲ್ಲಿ ದೀಪ ಹಚ್ಚಿದ ಮೇಲೆ ಹೆಡ್‌ಲೈಟ್ ತಿರುಗಿತು.

ಅತ್ತೆ ಇಳಿದು ಬಾಗಿಲು ಹಾಕಿದರು. "ಈ ವಾರದ ಎರಡೂ ಪಾಠ ತಪ್ಪಿತ್ತು. ಹೇಳಿಸಿಕೊಂಡು ಬಂದೆ" ಎಂದರು.

"ನೀರು?" ಎಂದರು ಅಪ್ಪ.

"ಒಂದು ಚೊಂಬೂ ಹಾಕಿಲ್ಲ."

ಅಪ್ಪ ಎದ್ದು ಒಳಗೆ ಹೋದರು. ಕಾರು ಮಾರುವ ಮಾತು ಮತ್ತೆ ಬರಲಿಲ್ಲ. ಜಗಲಿಯಲ್ಲಿ ಕಾಯುವುದೂ ನಿಲ್ಲಲಿಲ್ಲ.

ಈ ಕತೆಯನ್ನು ಹಾಸನದ ಗೆಳೆಯರಿಗೆ ಹೇಳುವಾಗ ನಾನು ಒಂದು ತುಣುಕು ಸೇರಿಸುತ್ತಿದ್ದೆ. ಮೃದಂಗದ ಬಾರು ಬಿಗಿಯುವವರು ಸುತ್ತಲೂ ಸಾಲಾಗಿ ಬಡಿಯುವುದಿಲ್ಲ, ಒಂದು ಕಡೆ ತಟ್ಟಿ ಅದರ ಎದುರಿಗೆ ತಟ್ಟುತ್ತಾರೆ, ಅತ್ತೆ ಅದನ್ನು ರುದ್ರಪಟ್ಟಣದಲ್ಲಿ ನೋಡಿ ಕಲಿತಿದ್ದರು ಎಂದು. ಕೇಳಿದವರಿಗೆ ಬಹಳ ಹಿಡಿಸುತ್ತಿತ್ತು. ಅತ್ತೆ ಹಾಗೆ ಎಂದೂ ಹೇಳಿಲ್ಲ. ಅದು ನಾನು ಕಟ್ಟಿದ್ದು. ಆದರೂ ಅತ್ತೆಗೆ ಮೊದಲೇ ಗೊತ್ತಿತ್ತು, ತಮ್ಮನ ಸುತ್ತು ಮುಗಿಯಲಿ ಎಂದು ಸುಮ್ಮನಿದ್ದರು, ಅದಕ್ಕೇ ಎರಡು ಗ್ಯಾಸ್ಕೆಟ್ ತರಿಸಿದ್ದರು ಎಂಬ ನಂಬಿಕೆಯನ್ನು ಮಾತ್ರ ನಾನು ಬಿಟ್ಟುಕೊಟ್ಟಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಚಿಕ್ಕಪ್ಪ ತೀರಿಹೋಗಿದ್ದರು. ಅತ್ತೆ ನಿವೃತ್ತರಾಗಿದ್ದರು, ಪಾಠ ನಿಂತಿರಲಿಲ್ಲ, ಅದೇ ಕಾರು. ಒಂದು ಸಂಜೆ ಅವರ ಜೊತೆ ರುದ್ರಪಟ್ಟಣಕ್ಕೆ ಹೊರಟಾಗ ಕೇಳಿದೆ: ಎರಡು ತಗೊಂಡು ಬಾ ಅಂದ್ರಲ್ಲ, ಮೊದಲನೇದು ಹಾಳಾಗತ್ತೆ ಅಂತ ನಿಮಗೆ ಗೊತ್ತಿತ್ತಾ?

"ನಾನೆಲ್ಲಿ ಅಂದೆ? ಹೇಳಿದ್ದು ನಿಮ್ಮ ಚಿಕ್ಕಪ್ಪ."

"ಚಿಕ್ಕಪ್ಪನಾ?"

"'ಕಾರಿನ ಪುಸ್ತಕದಲ್ಲೇನೋ ಮಧ್ಯದಿಂದ ಅಂತಿದೆ ಅಕ್ಕ, ಆದ್ರೆ ನನ್ನ ಕೈ ಸುತ್ತು ಬಂದುಬಿಡತ್ತೆ, ಇನ್ನೊಂದು ಇರಲಿ' ಅಂದ. ದೇವರ ಮನೇಲಿ ತೂಗುಹಾಕಿದ್ದೂ ಅವನೇ. ಭಾನುವಾರ ಎಲ್ಲ ನನಗೇ ಬಿಟ್ಟು ಪೂಜೆಗೆ ಬೇಗ ಹೋದದ್ದೂ ಬೇಕಂತಲೇ ಇರಬೇಕು."

ಬಾಗಿಲ ಬಳಿಯ ಆ ಮಾತನ್ನು ಚಿಕ್ಕಪ್ಪನ ದನಿಯಲ್ಲಿ ಕೇಳಿಸಿಕೊಳ್ಳಲು ನೋಡಿದೆ. ಆಗಲಿಲ್ಲ. ಈಗಲೂ ಆಗುವುದಿಲ್ಲ, ಅದು ಅತ್ತೆಯ ದನಿಯಲ್ಲೇ ಬರುತ್ತದೆ. ಅತ್ತೆಯ ನೆನಪನ್ನೂ ಯಾಕೆ ನಂಬಬೇಕು ಎಂದು ಒಂದು ಕ್ಷಣ ಅನ್ನಿಸಿತು.

ಹಳೇಕೋಟೆ ದಾಟುವಾಗ ಅತ್ತೆ ಸಣ್ಣಗೆ ಹೇಳಿಕೊಳ್ಳುತ್ತಿದ್ದ ಸ್ವರ ನಿಲ್ಲಿಸಿದರು. ಅವರಿಗೆ ಆಗ ಹತ್ತಿರದ್ದು ಸರಿಯಾಗಿ ಕಾಣುತ್ತಿರಲಿಲ್ಲ.

"ಕಾವಿನ ಮುಳ್ಳು ಎಲ್ಲಿದೆ ನೋಡು" ಎಂದರು.

ಬಗ್ಗಿ ನೋಡಿದೆ. "ಅರ್ಧಕ್ಕಿಂತ ಕೆಳಗೆ."

"ಸರಿ" ಎಂದು ಅವರು ಎಲ್ಲಿ ಬಿಟ್ಟಿದ್ದರೋ ಅಲ್ಲಿಂದ ಸ್ವರ ಹೇಳಿಕೊಳ್ಳತೊಡಗಿದರು.